ದುಡಿದು ಹಣ್ಣಾದವರಿಗೊಂದು ಸೂರು: ಅಮೆರಿಕದ ಕಪ್ಪು ಜನರ ವೃದ್ಧಾಶ್ರಮಗಳ ಇತಿಹಾಸ

ಕರ್ನಾಟಕದ ಊರುಗಳಲ್ಲಿ ‘ನರ್ಸಿಂಗ್ ಹೋಮ್’ ಎಂದರೆ ಹೆರಿಗೆಗೋ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೋ ಸೇರಿಕೊಳ್ಳುವ ಖಾಸಗಿ ಆಸ್ಪತ್ರೆ; ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದೇ ಹೆಸರು, ಉಣ್ಣಲು ಉಡಲು ಎದ್ದು ಕೂರಲು ಇನ್ನೊಬ್ಬರ ಕೈಯನ್ನೇ ನಂಬಿರುವ ವೃದ್ಧರು ತಿಂಗಳು ವರ್ಷಗಳ ಕಾಲ, ಎಷ್ಟೋ ಸಲ ಕೊನೆಯ ಉಸಿರಿನವರೆಗೂ, ಉಳಿಯುವ ಶುಶ್ರೂಷಾಲಯಕ್ಕೆ ಸಲ್ಲುತ್ತದೆ. ಈ ಶುಶ್ರೂಷಾಲಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಊರಿನ ತೆರಿಗೆಯ ಹಣದಿಂದ ನಡೆಯುತ್ತಿದ್ದ ಅನಾಥ ಬಡವರ ಆಶ್ರಯಗೃಹಗಳಿಂದ ಆರಂಭಿಸಿ, 1935ರ ಸಾಮಾಜಿಕ ಭದ್ರತಾ ಕಾಯಿದೆ ಮತ್ತು 1965ರ ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ), ಮೆಡಿಕೇಡ್ (ಬಡವರಿಗೆ ವೈದ್ಯಕೀಯ ನೆರವು) ಕಾನೂನುಗಳ ಮೂಲಕ ಇಂದಿನವರೆಗೆ ಬರುತ್ತಾರೆ. ಆದರೆ ಆ ದೇಶದ ಕಪ್ಪು ಜನರ ಮುಪ್ಪಿನ ಚರಿತ್ರೆ ಬೇರೆಡೆ ಮೊದಲಾಗುತ್ತದೆ. ಅವರ ವೃದ್ಧರಿಗೆ ಸೂರು ಕಟ್ಟಿದವರು ಸರ್ಕಾರದವರಲ್ಲ, ಗುಲಾಮಗಿರಿಯಲ್ಲಿ ಹುಟ್ಟಿದ ಅವರದೇ ಮುಂದಾಳುಗಳು. ಮತ್ತು ಆ ಮುಂದಾಳುಗಳು ತಮ್ಮ ಹಿರಿಯರಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕೇಳಿದಾಗಲೆಲ್ಲ ಅಧಿಕಾರಸ್ಥರು ಅವರನ್ನು ಅನುಮಾನದಿಂದ, ಕೆಲವೊಮ್ಮೆ ಅಪರಾಧಿಗಳಂತೆ, ಕಂಡರು.

ಗುಲಾಮಗಿರಿಯ ಲೆಕ್ಕದಲ್ಲಿ ಮುದುಕರು ನಷ್ಟದ ಬಾಬತ್ತು. ಹೊಲದಲ್ಲಿ ದುಡಿಯಲಾರದ ಆಳಿಗೆ ಕಾಳು ಬಟ್ಟೆ ಕೊಡುವುದಕ್ಕಿಂತ ಅವನಿಗೆ ‘ಬಿಡುಗಡೆ’ ಕೊಟ್ಟು ದಾರಿಗೆ ಬಿಡುವುದೇ ಲಾಭವೆಂದು ಬಗೆದ ಒಡೆಯರು ಎಷ್ಟಿದ್ದರೆಂದರೆ, ಮೇರಿಲ್ಯಾಂಡ್ ರಾಜ್ಯವು 1796ರಲ್ಲಿ ನಲವತ್ತೈದು ವರ್ಷ ಮೀರಿದ ಗುಲಾಮರನ್ನು ಬಿಡುಗಡೆ ಮಾಡಬಾರದೆಂದು ಕಾನೂನು ಮಾಡಿತು. ಮುದುಕರ ಮೇಲಿನ ಕರುಣೆಗಿಂತ, ಅವರ ಅನ್ನದ ಹೊರೆ ಊರಿನ ಬೊಕ್ಕಸದ ಮೇಲೆ ಬಿದ್ದೀತೆಂಬ ಭಯವೇ ಇದರ ಹಿಂದಿತ್ತು. ಗುಲಾಮಗಿರಿಯಿಂದ ಪಾರಾಗಿ ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಒಡೆಯನ ಮನೆಗೆ ಬದುಕಿಡೀ ದುಡಿದ ತನ್ನ ಅಜ್ಜಿಯನ್ನು ಕಾಡಿನ ಗುಡಿಸಲೊಂದರಲ್ಲಿ ಒಂಟಿಯಾಗಿ ಬಿಡಲಾಯಿತೆಂದು ಬರೆದದ್ದು ಓದುಗರನ್ನು ಕಲಕಿತು. ಮುಂದೆ ತನ್ನ ಹಿಂದಿನ ಒಡೆಯನು ಅಜ್ಜಿಯನ್ನು ತನ್ನ ಮನೆಗೆ ಕರೆತಂದನೆಂದು ತಿಳಿದಾಗ 1849ರಲ್ಲಿ ಡಗ್ಲಸ್ ಅದನ್ನು ತನ್ನ ಪತ್ರಿಕೆಯಲ್ಲೇ ಒಪ್ಪಿ ಬರೆದನೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಒಬ್ಬ ಒಡೆಯನ ಮನಸ್ಸು ಬದಲಾದರೆ ಮಾತ್ರ ಮುದುಕಿಗೆ ನೆರಳು ಎಂಬ ವ್ಯವಸ್ಥೆಯ ಕ್ರೌರ್ಯ ಅದರಿಂದ ಕಡಿಮೆಯಾಗುವುದಿಲ್ಲ. ಮಕ್ಕಳನ್ನು ಮಾರಿ ಚದುರಿಸಿದ ಮೇಲೆ, ಹೆತ್ತವರನ್ನು ನೋಡಿಕೊಳ್ಳುವ ಮಕ್ಕಳಾದರೂ ಎಲ್ಲಿದ್ದಾರೆ?

ಉತ್ತರದ ಸ್ವತಂತ್ರ ರಾಜ್ಯಗಳಲ್ಲಿಯೂ ಪರಿಸ್ಥಿತಿ ಬಹಳ ಬೇರೆಯಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚುಗಳೂ ದಾನಿಗಳೂ ತೆರೆದ ಖಾಸಗಿ ವೃದ್ಧಾಶ್ರಮಗಳು ‘ಮರ್ಯಾದಸ್ಥ’ ಬಿಳಿಯ ಹಿರಿಯರಿಗೆ ಆಸರೆಯಾದವೇ ಹೊರತು, ಅವುಗಳಲ್ಲಿ ಹೆಚ್ಚಿನವು ಕಪ್ಪು ಜನರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಕೊರತೆಗೆ ಮೊದಮೊದಲು ಉತ್ತರ ಕೊಟ್ಟವರಲ್ಲಿ ಫಿಲಡೆಲ್ಫಿಯಾದ ಸ್ಟೀಫನ್ ಸ್ಮಿತ್ ಪ್ರಮುಖ. ಗುಲಾಮ ತಾಯಿಯ ಮಗನಾಗಿ ಹುಟ್ಟಿ, 1816ರಲ್ಲಿ ಐವತ್ತು ಡಾಲರ್ ತೆತ್ತು ಸ್ವತಂತ್ರನಾದ ಆತ ಪೆನ್ಸಿಲ್ವೇನಿಯಾದ ಕೊಲಂಬಿಯಾ ಪಟ್ಟಣದಲ್ಲಿ ಮರದ ವ್ಯಾಪಾರದಿಂದ ಶ್ರೀಮಂತನಾದ. ಆ ಏಳಿಗೆಯನ್ನು ಸಹಿಸದ ಬಿಳಿಯರ ಗುಂಪು 1834ರಲ್ಲಿ ಅವನ ಕಚೇರಿಗೆ ನುಗ್ಗಿ ಹಾಳುಗೆಡವಿತು. ಮುಂದೆ ಫಿಲಡೆಲ್ಫಿಯಾಕ್ಕೆ ಬಂದು ನೆಲೆಸಿದ ಸ್ಮಿತ್, 1864ರಲ್ಲಿ ಅಲ್ಲಿ ಸ್ಥಾಪನೆಯಾದ ಕಪ್ಪು ವೃದ್ಧರ ಹಾಗೂ ಅಶಕ್ತರ ಆಶ್ರಮಕ್ಕೆ ಬೆಂಬಲವಾಗಿ ನಿಂತು, 1871ರಲ್ಲಿ ಅದು ಬೆಲ್ಮಾಂಟ್ ಮತ್ತು ಜಿರಾರ್ಡ್ ರಸ್ತೆಗಳ ಮೂಲೆಗೆ ಸ್ಥಳಾಂತರಗೊಳ್ಳಲು ತನ್ನ ಭೂಮಿಯನ್ನೇ ಕೊಟ್ಟ. ಕ್ವೇಕರ್ ಪಂಥದ ಬಿಳಿಯರೂ ಕಪ್ಪು ಜನರೂ ಒಂದೇ ಆಡಳಿತ ಮಂಡಳಿಯಲ್ಲಿ ಕುಳಿತು ನಡೆಸಿದ ಈ ಸಂಸ್ಥೆ ಆ ಕಾಲಕ್ಕೆ ಅಪರೂಪದ್ದು.

ಸ್ಮಿತ್ ಶ್ರೀಮಂತ, ಹ್ಯಾರಿಯೆಟ್ ಟಬ್‌ಮನ್ ಬದುಕಿನುದ್ದಕ್ಕೂ ಸಾಲಗಾರ್ತಿ. ಸುಮಾರು 1822ರಲ್ಲಿ ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ಓಡಿ ಪಾರಾಗಿ, ಮತ್ತೆ ಮತ್ತೆ ಅದೇ ನೆಲಕ್ಕೆ ರಾತ್ರಿಯ ಮರೆಯಲ್ಲಿ ಮರಳಿ ಸುಮಾರು ಎಪ್ಪತ್ತು ಜನರನ್ನು ಬಿಡಿಸಿ ತಂದ ಆಕೆಯ ಸಾಹಸವನ್ನು ಜಗತ್ತು ಬಲ್ಲದು. ಆ ಯಾತ್ರೆಗಳಲ್ಲಿ ಒಂದು ಈ ಚರಿತ್ರೆಗೆ ನೇರವಾಗಿ ಸೇರಿದ್ದು. ಆಕೆಯ ತಂದೆ ಬೆನ್ ರಾಸ್, ಬಿಡುಗಡೆ ಪಡೆದ ಮೇಲೆ, 1855ರಲ್ಲಿ ತನ್ನ ಹೆಂಡತಿ ರಿಟ್‌ಳನ್ನು ಅವಳ ಒಡತಿಯಿಂದ ಇಪ್ಪತ್ತು ಡಾಲರಿಗೆ ಕೊಂಡುಕೊಂಡಿದ್ದ. 1857ರ ವಸಂತದಲ್ಲಿ ಓಡಿಹೋಗುತ್ತಿದ್ದ ಗುಲಾಮರಿಗೆ ಆಶ್ರಯ ಕೊಟ್ಟನೆಂಬ ಸಂಶಯಕ್ಕೆ ಸಿಕ್ಕಿ ಆ ಮುದುಕ ಸೆರೆಯಾಗುವ ಸ್ಥಿತಿ ಬಂದಾಗ ಮಗಳು ಬಂದಳು. ಮಿಕ್ಕವರಂತೆ ರಾತ್ರಿಯಿಡೀ ಕಾಡಿನಲ್ಲಿ ನಡೆಯುವ ಶಕ್ತಿ ಹೆತ್ತವರಿಗಿರಲಿಲ್ಲವಾದ್ದರಿಂದ, ಒಂದು ಮುದಿ ಕುದುರೆಗೆ ಹುಲ್ಲು ಹೆಣೆದ ಕೊರಳಪಟ್ಟಿ ತೊಡಿಸಿ, ಹಳೆಯ ಬಂಡಿಯ ಎರಡು ಗಾಲಿಗಳ ಅಚ್ಚಿನ ಮೇಲೆ ಕೂರಲು ಒಂದು ಹಲಗೆಯನ್ನೂ, ಕಾಲಿಡಲು ಹಗ್ಗದಿಂದ ತೂಗುಬಿಟ್ಟ ಇನ್ನೊಂದು ಹಲಗೆಯನ್ನೂ ಜೋಡಿಸಿ, ಆ ವಾಹನದಲ್ಲಿ ಅವರನ್ನು ರೈಲುದಾರಿಯವರೆಗೆ ಒಯ್ದಳೆಂದು ಅವಳಿಗೆ ನೆರವಾದ ಕ್ವೇಕರ್ ವ್ಯಾಪಾರಿ ಥಾಮಸ್ ಗ್ಯಾರೆಟ್ ದಾಖಲಿಸಿದ್ದಾನೆ. ಕಪ್ಪು ಅಮೆರಿಕದ ವೃದ್ಧರ ಆರೈಕೆಯ ಚರಿತ್ರೆಗೆ ಆ ಎರಡು ಹಲಗೆಗಳಿಗಿಂತ ತಕ್ಕ ಆರಂಭ ಸಿಗಲಾರದು.

ಹಾಗೆ ಪಾರಾಗಿ ಅವರು ಸೇರಿದ ಕೆನಡಾದ ಚಳಿ ಮುದಿ ಜೀವಗಳಿಗೆ ಒಗ್ಗಲಿಲ್ಲ. 1859ರಲ್ಲಿ ಟಬ್‌ಮನ್ ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದ ಅಂಚಿನಲ್ಲಿ ಸೆನೆಟ್ ಸದಸ್ಯ ವಿಲಿಯಂ ಸೀವರ್ಡ್‌ನಿಂದ ಏಳು ಎಕರೆ ನೆಲವನ್ನು 1,200 ಡಾಲರಿಗೆ ಕಂತಿನ ಮೇಲೆ ಕೊಂಡು ಹೆತ್ತವರನ್ನು ಅಲ್ಲಿಗೆ ಕರೆತಂದಳು. ಅವರಿಬ್ಬರೂ ಕೊನೆಯವರೆಗೆ ಆಬರ್ನ್‌ನಲ್ಲೇ ಮಗಳ ಆರೈಕೆಯಲ್ಲಿ ಬಾಳಿದರು. ಆದರೆ ಆ ಮನೆ ಅವರಿಬ್ಬರಿಗಷ್ಟೇ ಸೀಮಿತವಾಗಲಿಲ್ಲ. ದಿಕ್ಕಿಲ್ಲದ ಮುದುಕರು, ಕುರುಡರು, ತಬ್ಬಲಿ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಬಂದು ಸೇರಿದರು. ತರಕಾರಿ ಬೆಳೆದು, ಹಂದಿ ಸಾಕಿ, ಇಟ್ಟಿಗೆ ಸುಟ್ಟು ಮಾರಿ, ಸಾಲದಿದ್ದಾಗ ಪರಿಚಯಸ್ಥರ ಬಾಗಿಲಲ್ಲಿ ಕೈಯೊಡ್ಡಿ ಆ ಮನೆಯ ಒಲೆ ಉರಿಯಿತು.

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕಾಗಿ ದಾದಿಯಾಗಿ, ಬೇಹುಗಾತಿಯಾಗಿ ದುಡಿದ, 1863ರ ಜೂನ್‌ನಲ್ಲಿ ಕಂಬಾಹೀ ನದಿಯ ದಾಳಿಗೆ ದಾರಿ ತೋರಿ ಏಳುನೂರಕ್ಕೂ ಹೆಚ್ಚು ಜನರ ಬಿಡುಗಡೆಗೆ ಕಾರಣಳಾದ ಈಕೆಗೆ ಸರ್ಕಾರ ಯುದ್ಧಕಾಲದಲ್ಲಿ ಒಟ್ಟು ಕೊಟ್ಟದ್ದು 200 ಡಾಲರ್. ಯುದ್ಧ ಮುಗಿದು ಮೂವತ್ತು ವರ್ಷ ಆಕೆ ಪಿಂಚಣಿಗಾಗಿ ಅರ್ಜಿ ಹಾಕುತ್ತಲೇ ಇದ್ದಳು. 1895ರಲ್ಲಿ ಸಿಕ್ಕಿದ ತಿಂಗಳಿಗೆ ಎಂಟು ಡಾಲರ್ ಕೂಡ ಆಕೆಯ ಸೇವೆಗಲ್ಲ, ಸೈನಿಕನಾಗಿದ್ದ ಗಂಡ ನೆಲ್ಸನ್ ಡೇವಿಸ್‌ನ ವಿಧವೆಯೆಂಬ ಕಾರಣಕ್ಕೆ. ಸೈನಿಕರಿಗೆ ಸಲ್ಲುವ ಇಪ್ಪತ್ತೈದು ಡಾಲರ್ ಕೊಡಬೇಕೆಂಬ ಮಸೂದೆ ಕಾಂಗ್ರೆಸ್ಸಿಗೆ ಬಂದಾಗ ವಾದವಿವಾದಗಳ ನಂತರ 1899ರಲ್ಲಿ ಅದು ಇಪ್ಪತ್ತಕ್ಕೆ ಇಳಿಯಿತು. ದಾಖಲೆಯಲ್ಲಿ ಆಕೆ ದಾದಿ ಎಂದಾದಳು, ಬೇಹುಗಾರಿಕೆಯ ನಾಯಕಿ ಎಂದಾಗಲಿಲ್ಲ. ಒಬ್ಬ ಕಪ್ಪು ಹೆಂಗಸು ಸರ್ಕಾರದ ಸೈನ್ಯಕ್ಕೆ ದಾರಿ ತೋರಿದ್ದಳೆಂದು ಬರೆದುಕೊಳ್ಳಲು ಆ ಶಾಸನಸಭೆಗೆ ಮನಸ್ಸಿರಲಿಲ್ಲವೆಂದೇ ತೀರ್ಮಾನಿಸಬೇಕಾಗುತ್ತದೆ.

ಇಂಥ ಬರಿಗೈಯ ಸ್ಥಿತಿಯಲ್ಲೇ 1896ರಲ್ಲಿ, ಪಕ್ಕದ ಇಪ್ಪತ್ತೈದು ಎಕರೆ ಹರಾಜಿಗೆ ಬಂದಾಗ, ಬಿಳಿಯರೇ ತುಂಬಿದ್ದ ಆ ಗುಂಪಿನ ಮೂಲೆಯಲ್ಲಿ ನಿಂತು ಟಬ್‌ಮನ್ ಸವಾಲು ಕೂಗಿ, ವೃದ್ಧಾಶ್ರಮವೊಂದನ್ನು ತೆರೆಯಲೆಂದು 1,450 ಡಾಲರಿಗೆ ಅದನ್ನು ಹಿಡಿದಳು. ಹಣ ಹೊಂದಿಸಿದ್ದು ಬ್ಯಾಂಕಿನ ಅಡಮಾನದಿಂದ. ಸಾಲ, ತೆರಿಗೆಗಳ ಭಾರ ತಾಳಲಾರದೆ 1903ರಲ್ಲಿ ಆಸ್ತಿಯನ್ನು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಜಿಯಾನ್ ಚರ್ಚಿಗೆ ಬರೆದುಕೊಟ್ಟಳು, ಮತ್ತು 1908ರ ಜೂನ್ 23ರಂದು ಆಶ್ರಮ ವಿಧಿವತ್ತಾಗಿ ತೆರೆಯಿತು. ಪ್ರವೇಶಕ್ಕೆ ನೂರು ಡಾಲರ್ ತರಬೇಕೆಂದು ಚರ್ಚಿನವರು ನಿಯಮ ಮಾಡಿದಾಗ, ಬಿಡಿಗಾಸೂ ಇಲ್ಲದವರಿಗಾಗಿಯೇ ಕಟ್ಟಿದ ಮನೆಯಿದು ಎಂದು ಆಕೆ ಬಹಿರಂಗವಾಗಿ ಸಿಟ್ಟಾದಳು. ಒಮ್ಮೆ ಹಣ ಕಟ್ಟಿ ಸಾಯುವವರೆಗೂ ಆರೈಕೆ ಪಡೆಯುವ ಇಂಥ ಪದ್ಧತಿ ಆ ಕಾಲದ ಬಿಳಿಯರ ಆಶ್ರಮಗಳಲ್ಲಿಯೂ ರೂಢಿಯಲ್ಲಿತ್ತು, ಚರ್ಚಿನ ಮೇಲೆ ಸಾಲವೂ ಇತ್ತು. ಆದರೂ ಕೂಲಿಯಿಲ್ಲದೆ ಅರ್ಧ ಆಯುಷ್ಯ ದುಡಿದವರಿಂದ ಮುಪ್ಪಿನಲ್ಲಿ ಪ್ರವೇಶ ಶುಲ್ಕ ಕೇಳುವುದು ತಪ್ಪೆಂಬ ಟಬ್‌ಮನ್‌ಳ ನಿಲುವೇ ಸರಿಯಾದದ್ದು. 1911ರಲ್ಲಿ ಆಕೆಯೇ ಆ ಆಶ್ರಮದ ನಿವಾಸಿಯಾಗಿ, 1913ರ ಮಾರ್ಚ್ 10ರಂದು ಅಲ್ಲಿಯೇ ತೀರಿಕೊಂಡಳು.

ಕೂಲಿಯಿಲ್ಲದೆ ದುಡಿದವರಿಗೆ ಮುಪ್ಪಿನಲ್ಲಿ ದಾನವಲ್ಲ, ಹಕ್ಕಿನ ಹಣವೇ ಸಿಗಬೇಕೆಂದು ಕೇಳಿದವಳು ಕ್ಯಾಲಿ ಹೌಸ್. ಟೆನೆಸ್ಸಿ ರಾಜ್ಯದಲ್ಲಿ ಸುಮಾರು 1861ರಲ್ಲಿ ಗುಲಾಮಳಾಗಿ ಹುಟ್ಟಿದ ಆಕೆ, ಬಟ್ಟೆ ಒಗೆದು, ಹೊಲಿಗೆ ಹಾಕಿ ಐದು ಮಕ್ಕಳನ್ನು ಸಾಕಿದ ವಿಧವೆ. 1890ರ ದಶಕದಲ್ಲಿ ಉತ್ತರದ ಸೈನ್ಯದಲ್ಲಿ ಹೋರಾಡಿದವರಿಗೂ ಅವರ ವಿಧವೆಯರಿಗೂ ಕೊಡುತ್ತಿದ್ದ ಪಿಂಚಣಿ ಫೆಡರಲ್ ಸರ್ಕಾರದ ವೆಚ್ಚದ ಸುಮಾರು ಐದರಲ್ಲಿ ಎರಡು ಪಾಲನ್ನು ತಿನ್ನುತ್ತಿತ್ತು. ನಾಲ್ಕು ವರ್ಷದ ಯುದ್ಧಕ್ಕೆ ಪಿಂಚಣಿಯುಂಟಾದರೆ ನಲವತ್ತು ವರ್ಷದ ಬಿಟ್ಟಿ ದುಡಿಮೆಗೆ ಏಕಿಲ್ಲ ಎಂಬ ಪ್ರಶ್ನೆಯನ್ನು ಹೊತ್ತು ಆಕೆ ಐಸಾಯಾ ಡಿಕರ್ಸನ್ ಎಂಬ ಸಂಗಾತಿಯ ಜೊತೆಗೂಡಿ ದಕ್ಷಿಣದ ಊರೂರು ಸುತ್ತಿದಳು. 1898ರಲ್ಲಿ ನ್ಯಾಶ್‌ವಿಲ್‌ನಲ್ಲಿ, ಮಾಜಿ ಗುಲಾಮರಿಗೆ ಪಿಂಚಣಿ ಕೇಳುವ ಅವರ ಸಂಘ ನೋಂದಣಿಯಾಯಿತು. ಅವರು ಬೆಂಬಲಿಸಿದ ಮಸೂದೆಯ ಲೆಕ್ಕ ಸ್ಪಷ್ಟವಾಗಿತ್ತು: ಎಪ್ಪತ್ತು ದಾಟಿದ ಮಾಜಿ ಗುಲಾಮರಿಗೆ ಮೊದಲಿಗೆ 500 ಡಾಲರ್ ಮತ್ತು ತಿಂಗಳಿಗೆ 15 ಡಾಲರ್, ಅರವತ್ತರಿಂದ ಎಪ್ಪತ್ತರವರಿಗೆ 300 ಮತ್ತು 12, ಅದಕ್ಕಿಂತ ಕಿರಿಯರಿಗೆ ಇನ್ನೂ ಕಡಿಮೆ. ಮಸೂದೆ ಪಾಸಾಗುವವರೆಗೆ ಸುಮ್ಮನೆ ಕೂರದೆ, ಸಂಘದ ಊರ ಶಾಖೆಗಳು ಸದಸ್ಯರ ಚಿಲ್ಲರೆ ವಂತಿಗೆಯಿಂದಲೇ ಕಾಯಿಲೆ ಬಿದ್ದವರಿಗೆ ಔಷಧ, ಸತ್ತವರಿಗೆ ಮಣ್ಣಿನ ಖರ್ಚು ಒದಗಿಸಿದವು.

ಪಿಂಚಣಿ ಇಲಾಖೆ, ಅಂಚೆ ಇಲಾಖೆ, ನ್ಯಾಯ ಇಲಾಖೆ ಮೂರೂ ಈ ಬಟ್ಟೆ ಒಗೆಯುವ ಹೆಂಗಸಿನ ಬೆನ್ನು ಹತ್ತಿದವು. 1899ರಲ್ಲಿ ಅಂಚೆ ಇಲಾಖೆ ಸಂಘದ ಮೇಲೆ ‘ವಂಚನೆ ಆದೇಶ’ ಹೊರಡಿಸಿತು. ಎಂದರೆ, ನ್ಯಾಯಾಲಯದ ವಿಚಾರಣೆಯಿಲ್ಲದೆಯೇ ಸಂಘದ ಹೆಸರಿಗೆ ಬಂದ ಪತ್ರಗಳನ್ನೂ ಮನಿಯಾರ್ಡರುಗಳನ್ನೂ ತಡೆದು, ವಂಚಕರದೆಂದು ಮುದ್ರೆ ಒತ್ತಿ ಹಿಂದಿರುಗಿಸುವ ಅಧಿಕಾರ. ಇಂಥ ಮಸೂದೆ ಎಂದೂ ಪಾಸಾಗದು, ಆದ್ದರಿಂದ ಅದರ ಹೆಸರಿನಲ್ಲಿ ವಂತಿಗೆ ಎತ್ತುವುದೇ ಮೋಸ ಎಂಬುದು ಅಧಿಕಾರಿಗಳ ತರ್ಕ. ಈ ತರ್ಕವನ್ನು ಒಪ್ಪಿದರೆ, ಸೋಲಬಹುದಾದ ಯಾವ ಬೇಡಿಕೆಗೂ ಯಾವ ಪ್ರಜೆಯೂ ಸಂಘ ಕಟ್ಟುವಂತಿಲ್ಲ; ಆದರೆ ಅದನ್ನು ಪ್ರಯೋಗಿಸಿದ್ದು ಕಪ್ಪು ಜನರ ಮೇಲೆ. ಕಪ್ಪು ಸಮುದಾಯದ ವಿದ್ಯಾವಂತರಲ್ಲಿಯೂ ಪತ್ರಿಕೆಗಳಲ್ಲಿಯೂ ಹಲವರು ಈ ಚಳವಳಿಯನ್ನು ಹಗಲುಗನಸೆಂದು ದೂರ ಇಟ್ಟದ್ದು ಅಧಿಕಾರಿಗಳಿಗೆ ಅನುಕೂಲವೇ ಆಯಿತು. 1915ರಲ್ಲಿ ಸಂಘದವರು ಇನ್ನೊಂದು ದಾರಿ ಹಿಡಿದು, 1862ರಿಂದ 1868ರವರೆಗೆ ಹತ್ತಿಯ ಮೇಲೆ ವಸೂಲಾದ 6 ಕೋಟಿ 80 ಲಕ್ಷ ಡಾಲರಿಗೂ ಮೀರಿದ ತೆರಿಗೆ ಆ ಹತ್ತಿಯನ್ನು ಬೆಳೆದವರಿಗೆ ಸೇರಬೇಕೆಂದು ಖಜಾನೆಯ ವಿರುದ್ಧ ದಾವೆ ಹೂಡಿದರು. ಸರ್ಕಾರವನ್ನು ಅದರ ಒಪ್ಪಿಗೆಯಿಲ್ಲದೆ ನ್ಯಾಯಾಲಯಕ್ಕೆ ಎಳೆಯಲಾಗದು ಎಂಬ ತತ್ವದ ಮೇಲೆ ಅದು ಬಿದ್ದುಹೋಯಿತು. ಮರುವರ್ಷವೇ ಕ್ಯಾಲಿ ಹೌಸ್ ಮೇಲೆ ಅಂಚೆಯ ಮೂಲಕ ವಂಚಿಸಿದ ಆರೋಪ ಹೊರಿಸಲಾಯಿತು. 1917ರಲ್ಲಿ ಬಿಳಿಯ ಗಂಡಸರೇ ತುಂಬಿದ್ದ ಜ್ಯೂರಿ ಆಕೆಯನ್ನು ಅಪರಾಧಿಯೆಂದು ಹೇಳಿತು; ಒಂದು ವರ್ಷ ಒಂದು ದಿನದ ಶಿಕ್ಷೆ ಪಡೆದು ಮಿಸೌರಿಯ ಸೆರೆಮನೆಗೆ ಹೋದ ಆಕೆ 1918ರ ಆಗಸ್ಟ್‌ನಲ್ಲಿ ಹೊರಬಂದು, 1928ರಲ್ಲಿ ತೀರಿಕೊಂಡಾಗ ಗೋರಿಗೆ ಹೆಸರಿನ ಕಲ್ಲನ್ನೂ ನೆಡಲಿಲ್ಲ. 2005ರಲ್ಲಿ ಇತಿಹಾಸಕಾರ್ತಿ ಮೇರಿ ಫ್ರಾನ್ಸಿಸ್ ಬೆರಿ ಆಕೆಯ ಜೀವನವನ್ನು ಪುಸ್ತಕವಾಗಿ ಬರೆಯುವವರೆಗೆ ಆ ಹೆಸರು ಹೆಚ್ಚುಕಡಿಮೆ ಮರೆತುಹೋಗಿತ್ತು.

ಪಿಂಚಣಿ ಬಾರದಿದ್ದಾಗ ಉಳಿದದ್ದು ಸ್ವಂತ ಆಶ್ರಮಗಳೇ. ಕ್ಲೀವ್‌ಲ್ಯಾಂಡಿನಲ್ಲಿ ಎಲೈಜಾ ಬ್ರಯಂಟ್ ಎಂಬ ಮಹಿಳೆ, ಬಂಧುಗಳೆಲ್ಲ ಮಾರಾಟವಾಗಿ ಚದುರಿ ಒಂಟಿಯಾಗಿ ಉಳಿದ ಮಾಜಿ ಗುಲಾಮ ಮುದುಕಿಯರನ್ನು ಬಿಳಿಯರ ಆಶ್ರಮಗಳು ಸೇರಿಸಿಕೊಳ್ಳದ್ದನ್ನು ಕಂಡು, ಸಂಗಾತಿ ಹೆಂಗಸರೊಡನೆ ಹಣ ಕೂಡಿಸಿ 1896ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದಳು. 1897ರಲ್ಲಿ ಸಾಧಾರಣ ಮನೆಯೊಂದರಲ್ಲಿ ಅದು ತೆರೆಯಿತು. ಪಿಟ್ಸ್‌ಬರ್ಗ್‌ನಲ್ಲಿ 1883ರಷ್ಟು ಹಿಂದೆಯೇ ಇಂಥದೊಂದು ಆಶ್ರಮವಿತ್ತು.

1935ರ ಸಾಮಾಜಿಕ ಭದ್ರತಾ ಕಾಯಿದೆ ಕೃಷಿ ಕಾರ್ಮಿಕರನ್ನೂ ಮನೆಗೆಲಸದವರನ್ನೂ ವೃದ್ಧಾಪ್ಯ ವಿಮೆಯಿಂದ ಹೊರಗಿಟ್ಟಿತು. ಆಡಳಿತದ ತೊಡಕೇ ಕಾರಣವೆನ್ನುವ ವಿದ್ವಾಂಸರೂ, ದಕ್ಷಿಣದ ಪ್ರತಿನಿಧಿಗಳ ಒತ್ತಡವೆನ್ನುವವರೂ ಇದ್ದಾರೆ. ಕಾರಣ ಯಾವುದಾದರೂ ಕಪ್ಪು ದುಡಿಮೆಗಾರರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಅವೇ ಎರಡು ಕೆಲಸ, ಮತ್ತು 1950ರ ದಶಕದ ತಿದ್ದುಪಡಿಗಳವರೆಗೆ ಅವರು ಹೊರಗೇ ಉಳಿದರು. ಅದೇ ಕಾಯಿದೆ ಸರ್ಕಾರಿ ಆಶ್ರಯಗೃಹಗಳಲ್ಲಿದ್ದ ಬಡ ವೃದ್ಧರಿಗೆ ಸಹಾಯಧನ ಸಿಗದಂತೆ ಮಾಡಿದ್ದರಿಂದ, ಆ ಹಣ ಹಿಡಿದು ಬರುವವರಿಗಾಗಿ ಖಾಸಗಿ ಮನೆಗಳು ಹುಟ್ಟಿಕೊಂಡವು. ಇಂದಿನ ಲಾಭದಾಯಕ ನರ್ಸಿಂಗ್ ಹೋಮ್ ಉದ್ಯಮದ ಬೇರು ಅಲ್ಲಿದೆ. 1966ರಲ್ಲಿ ಮೆಡಿಕೇರ್ ಜಾರಿಗೆ ಬಂದಾಗ, ವರ್ಣಭೇದ ಬಿಡದ ಆಸ್ಪತ್ರೆಗೆ ಹಣವಿಲ್ಲವೆಂಬ ಷರತ್ತು ಸಾವಿರಾರು ಆಸ್ಪತ್ರೆಗಳ ಬಾಗಿಲನ್ನು ಕೆಲವೇ ತಿಂಗಳುಗಳಲ್ಲಿ ತೆರೆಸಿತು. ನರ್ಸಿಂಗ್ ಹೋಮ್‌ಗಳ ಮೇಲೆ ಆ ಬಿಗಿ ತಪಾಸಣೆ ನಡೆಯಲಿಲ್ಲ. ಫಲವೆಂದರೆ, 2004ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನವು, ಹೆಚ್ಚುಕಡಿಮೆ ಬಡವರ ಮೆಡಿಕೇಡ್ ಹಣವೊಂದನ್ನೇ ನಂಬಿ ನಡೆಯುವ, ಸಿಬ್ಬಂದಿ ಸಾಲದ ಕೆಳದರ್ಜೆಯ ಶುಶ್ರೂಷಾಲಯಗಳಲ್ಲಿ ಬಿಳಿಯ ನಿವಾಸಿಗಳ ಶೇ. 9 ಮಂದಿ ಇದ್ದರೆ ಕಪ್ಪು ನಿವಾಸಿಗಳ ಶೇ. 40 ಮಂದಿ ಇದ್ದಾರೆಂದು ತೋರಿಸಿತು.

ಟಬ್‌ಮನ್‌ಳಿಗೆ ಸಲ್ಲದೆ ಉಳಿದ ಪಿಂಚಣಿಯ ಬಾಕಿಗೆಂದು ಅಮೆರಿಕದ ಕಾಂಗ್ರೆಸ್ 2003ರಲ್ಲಿ ಆಬರ್ನ್‌ನ ಆಶ್ರಮಕ್ಕೆ 11,750 ಡಾಲರ್ ಮಂಜೂರು ಮಾಡಿತು. ಅಲ್ಲಿ ಈಗ ವೃದ್ಧರಿಲ್ಲ, ಆ ಸ್ಥಳ 2017ರಿಂದ ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಭಾಗ. ಕ್ಲೀವ್‌ಲ್ಯಾಂಡಿನ ಎಲೈಜಾ ಬ್ರಯಂಟ್ ಸಂಸ್ಥೆಯು ಒಂದೇಕಾಲು ಶತಮಾನ ನಡೆಸಿಕೊಂಡು ಬಂದ ಶುಶ್ರೂಷಾಲಯವನ್ನು, ಬರುವ ಹಣ ಖರ್ಚಿಗೆ ಸಾಲದೆ, 2022ರಲ್ಲಿ ಮುಚ್ಚಿತು, ಮತ್ತು ಅದರಲ್ಲಿದ್ದ ವೃದ್ಧರು ಊರಿನ ಬೇರೆ ಬೇರೆ ಶುಶ್ರೂಷಾಲಯಗಳಲ್ಲಿ ಜಾಗ ಹುಡುಕಿಕೊಳ್ಳಬೇಕಾಯಿತು.