ಗಾಲಿಯೊಳಗಿನ ಆಟ

ಕಳಸದಿಂದ ಮುಳ್ಳೋಡಿಯ ಕಡೆಗೆ ಹೋಗುವ ಜೀಪುಗಳು ಹಳ್ಳಕ್ಕಿಳಿದು ಹತ್ತಬೇಕು. ಮಲೆನಾಡಿನ ಸಾರಿಗೆಯ ಇತಿಹಾಸ ನನ್ನ ಸಂಶೋಧನೆಯ ವಿಷಯವಾದ್ದರಿಂದ ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗಿದ್ದೆ. ನಾನು ಕೂತಿದ್ದ ಹಳೆಯ ಜೀಪಿನ ಎಡಗಡೆಯ ಮುಂಗಾಲಿಯಿಂದ ಗುರ್ರೆನ್ನುವ ಸದ್ದು ಬರುತ್ತಿತ್ತು. ಮರುದಿನ ಚಾಲಕರ ಜೊತೆ ಗ್ಯಾರೇಜಿಗೆ ಹೋದೆ. ವಯಸ್ಸಾದ ಮೇಸ್ತ್ರಿ ಜಾಕಿ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿದರು. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರು. ಒಳಗೆ ಟಕ್ ಟಕ್ ಎಂದಿತು.

“ಆಟ ಬಂದಿದೆ ಮಾರಾಯ್ರೆ. ಇನ್ನು ನಾಲ್ಕು ದಿನ ಓಡಿಸಿದ್ದರೆ ನಿಮಗಿಂತ ಮೊದಲು ಗಾಲಿಯೇ ಕಳಸ ಮುಟ್ಟುತ್ತಿತ್ತು.”

ಹಬ್ಬು ಬಿಚ್ಚಿದಾಗ ಒಳಗಿನ ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ಓಡಿ ಬಿಸಿಯಾದ ಹಬ್ಬು ತಣ್ಣನೆಯ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸವೆದ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಎರಡು ಬೇರಿಂಗುಗಳಲ್ಲಿ ಹೊರಗಿನದು ಚೆನ್ನಾಗಿತ್ತು. ಒಳಗಿನದರ ರೋಲರುಗಳ ಮೇಲೆ ತುಕ್ಕಿನ ಚುಕ್ಕೆಗಳಿದ್ದವು. ಅದೊಂದನ್ನೇ ಬದಲಿಸಿದರು. ಅರ್ಧ ದಿನದ ಕೆಲಸ. ಆ ಅರ್ಧ ದಿನ ನನ್ನನ್ನು ನೂರಾರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ನಮ್ಮ ಎತ್ತಿನ ಗಾಡಿಯಲ್ಲಿ ಬೇರಿಂಗು ಇರಲಿಲ್ಲ. ಅಚ್ಚಿನ ಮೇಲೆ ಗುಂಬ ನೇರವಾಗಿ ಉಜ್ಜಿಕೊಂಡೇ ತಿರುಗುತ್ತಿತ್ತು. ನಡುವೆ ಇದ್ದದ್ದು ಕೀಲೆಣ್ಣೆ ಮಾತ್ರ. ಗಾಲಿ ಕಳಚದಂತೆ ಅಚ್ಚಿನ ತುದಿಯಲ್ಲಿ ಒಂದು ಕಡೆಗೀಲು. ಒಡಲೆಂಬ ಬಂಡಿಗೆ ಶರಣರ ಮಾತೇ ಕಡೆಗೀಲು ಎಂಬ ಅರ್ಥದ ವಚನವನ್ನು ಜೇಡರ ದಾಸಿಮಯ್ಯ ಬರೆದಾಗ ಕೇಳುವವರಿಗೆ ವಿವರಣೆ ಬೇಕಾಗಿರಲಿಲ್ಲ. ಗಾಲಿಯನ್ನು ನೋಡಿಕೊಳ್ಳುವುದು ಗಾಡಿ ಹೊಡೆಯುವವನ ದಿನದ ಕೆಲಸಗಳಲ್ಲೊಂದಾಗಿತ್ತು.

ಉಜ್ಜುವುದನ್ನು ಬಿಟ್ಟು ಉರುಳುವಂತೆ ಮಾಡುವ ಆಲೋಚನೆ ಬೇರೆ ಬೇರೆ ಕಡೆ ಹುಟ್ಟಿತು. ವೇಲ್ಸ್‌ನ ಕಾರ್ಮಾರ್ಥನ್ ಊರಿನ ಕಬ್ಬಿಣದ ಕೆಲಸಗಾರ ಫಿಲಿಪ್ ವಾನ್ 1794ರಲ್ಲಿ ಗಾಡಿಯ ಅಚ್ಚಿನ ಸುತ್ತ ಗುಂಡುಗಳನ್ನಿಡುವ ವಿನ್ಯಾಸಕ್ಕೆ ಪೇಟೆಂಟ್ ಪಡೆದ. 1869ರಲ್ಲಿ ಪ್ಯಾರಿಸ್‌ನಿಂದ ರೂಆನ್‌ವರೆಗೆ ನಡೆದ ಸೈಕಲ್ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಬಾಲ್ ಬೇರಿಂಗ್ ಇದ್ದ ಸೈಕಲ್ಲಿನಲ್ಲಿ. ಆದರೆ ಒಂದೇ ಅಳತೆಯ ಗುಂಡುಗಳನ್ನು ಸಾವಿರಗಟ್ಟಲೆ ಮಾಡುವುದು ಹೇಗೆ? ಜರ್ಮನಿಯ ಷ್ವೈನ್‌ಫುರ್ಟ್ ಎಂಬ ಊರಿನಲ್ಲಿ ಫ್ರೀಡ್ರಿಷ್ ಫಿಷರ್ 1883ರಲ್ಲಿ ಉಕ್ಕಿನ ಗುಂಡುಗಳನ್ನು ಉಜ್ಜಿ ದುಂಡಗೆ ಮಾಡುವ ಯಂತ್ರ ಕಟ್ಟಿದ. ಅಲ್ಲಿಂದ ಬೇರಿಂಗು ಕಾರ್ಖಾನೆಯ ವಸ್ತುವಾಯಿತು.

ಜೀಪಿನ ಹಬ್ಬಿನೊಳಗೆ ಇರುವುದು ಗುಂಡುಗಳಲ್ಲ, ಒಂದು ತುದಿ ಸಣ್ಣಗಿರುವ ರೋಲರುಗಳು. ಇದರ ಹಿಂದಿನ ಹೆಸರು ಹೆನ್ರಿ ಟಿಮ್ಕೆನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿ ಮಾಡುತ್ತಿದ್ದವನು. ತುಂಬಿದ ಗಾಡಿ ತಿರುವಿನಲ್ಲಿ ತಿರುಗಿದಾಗ ಗಾಲಿಯ ಮೇಲೆ ಮೇಲಿನ ಭಾರವಷ್ಟೇ ಅಲ್ಲ, ಪಕ್ಕದ ಒತ್ತಡವೂ ಬೀಳುತ್ತದೆ. ನೇರವಾದ ರೋಲರು ಅದನ್ನು ತಾಳದು. ಓರೆಯಾಗಿ ಕೂರಿಸಿದ ರೋಲರು ಎರಡನ್ನೂ ಹೊರುತ್ತದೆ. ಟಿಮ್ಕೆನ್ ಮತ್ತು ಅವನ ಬಂಧು ರೆಜಿನಾಲ್ಡ್ ಹೈನ್ಸೆಲ್ಮನ್ ಇದಕ್ಕೆ 1898ರಲ್ಲಿ ಪೇಟೆಂಟ್ ಪಡೆದರು.

ಈ ವಿನ್ಯಾಸದಲ್ಲಿ ನನಗೆ ಮುಖ್ಯವಾಗಿ ಕಂಡ ಗುಣ ಇನ್ನೊಂದಿದೆ. ರೋಲರು ಸವೆದು ಸಡಿಲವಾದರೆ ಕೋನ್ ಅನ್ನು ಕಪ್ಪಿನೊಳಕ್ಕೆ ಕೂದಲೆಳೆಯಷ್ಟು ಒತ್ತಿದರೆ ಸಾಕು, ಸಂದಿ ಮತ್ತೆ ಸರಿಹೋಗುತ್ತದೆ. ಅದನ್ನು ಒತ್ತಲು ಒಂದು ನಟ್ಟು. ಸವೆತ ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಅದನ್ನು ಸರಿಪಡಿಸುವ ದಾರಿಯನ್ನು ಬಳಸುವವನ ಕೈಗೇ ಕೊಟ್ಟ ವಿನ್ಯಾಸವಿದು.

1941ರಿಂದ ತಯಾರಾದ ವಿಲ್ಲಿಸ್ ಎಂಬಿ ಜೀಪಿನ ಪ್ರತಿ ಗಾಲಿಗೂ ಇಂಥ ಎರಡು ಬೇರಿಂಗು. ಹೊಂದಿಸುವ ಕ್ರಮ ಸರಳ. ಗಾಲಿಯನ್ನು ತಿರುಗಿಸುತ್ತಲೇ ಅದು ಬಿಗಿಯುವವರೆಗೆ ನಟ್ಟು ತಿರುಗಿಸಬೇಕು. ಆಮೇಲೆ ಸುಮಾರು ಆರನೆಯ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಗಾಲಿ ಸಲೀಸಾಗಿ ತಿರುಗಬೇಕು, ಪಕ್ಕಕ್ಕೆ ಅಲ್ಲಾಡಬಾರದು. ಕಳಸದ ಮೇಸ್ತ್ರಿ ಯಾವ ಕೈಪಿಡಿಯನ್ನೂ ಓದಿದವರಲ್ಲ. “ನಟ್ಟಿಗೆ ಆರು ಮುಖ. ಒಂದು ಮುಖ ಹಿಂದಕ್ಕೆ,” ಎಂದರು. ಲೆಕ್ಕ ಒಂದೇ.

ಅದೇ ಯುದ್ಧದಲ್ಲಿ ಬೇರಿಂಗು ಬಾಂಬಿನ ಗುರಿಯೂ ಆಯಿತು. ಜರ್ಮನಿಯ ಬೇರಿಂಗು ಉದ್ಯಮ ಷ್ವೈನ್‌ಫುರ್ಟ್‌ನಲ್ಲಿ ಗುಂಪುಗೂಡಿದ್ದರಿಂದ ಅಮೆರಿಕದ ವಿಮಾನಗಳು 1943ರ ಆಗಸ್ಟ್ 17ರಂದು, ಮತ್ತೆ ಅಕ್ಟೋಬರ್ 14ರಂದು ದಾಳಿ ಮಾಡಿದವು. ಎರಡನೆಯ ದಾಳಿಯೊಂದರಲ್ಲೇ 60 ಬಾಂಬರ್ ವಿಮಾನಗಳು ನಷ್ಟವಾದವು. ಆದರೂ ಜರ್ಮನಿಯ ಯಂತ್ರಗಳು ನಿಲ್ಲಲಿಲ್ಲ. ದಾಸ್ತಾನು ಇತ್ತು, ಸ್ವೀಡನ್ನಿನಿಂದ ಸರಕು ಬರುತ್ತಿತ್ತು, ಕೆಲವು ಕಡೆ ಬೇರಿಂಗು ಬೇಡದಂತೆ ವಿನ್ಯಾಸವನ್ನೇ ಬದಲಿಸಿಕೊಂಡರು. ಇತಿಹಾಸದ ಪುಸ್ತಕಗಳಲ್ಲಿ ಈ ದಾಳಿಯ ಕಥೆ ವಿವರವಾಗಿ ಸಿಗುತ್ತದೆ. ಕೆಸರಿನಲ್ಲಿ ಕೂತು ಗಾಲಿ ಬಿಚ್ಚಿ ಗ್ರೀಸು ತುಂಬಿದ ಸೈನಿಕನ ಕಥೆಯನ್ನು ಹುಡುಕಲು ದುರಸ್ತಿಯ ಕೈಪಿಡಿಗಳ ಒಳಗೆ ಹೋಗಬೇಕು.

ಗ್ರೀಸಿಗೂ ಅದೇ ಕಾಲದಲ್ಲಿ ಒಂದು ತಿರುವು ಬಂತು. ಸುಣ್ಣದ ಅಂಶದಿಂದ ಮಾಡಿದ ಕ್ಯಾಲ್ಸಿಯಂ ಗ್ರೀಸು ನೀರನ್ನು ತಡೆಯುತ್ತಿತ್ತು, ಬಿಸಿಗೆ ಕರಗುತ್ತಿತ್ತು. ಸೋಡಿಯಂ ಗ್ರೀಸು ಬಿಸಿಯನ್ನು ತಾಳುತ್ತಿತ್ತು, ನೀರಿನಲ್ಲಿ ತೊಳೆದುಹೋಗುತ್ತಿತ್ತು. ಹಳ್ಳ ದಾಟಿ ಘಾಟಿ ಇಳಿಯುವ ಗಾಲಿಗೆ ಎರಡೂ ಅಪಾಯ. 1940ರ ದಶಕದಲ್ಲಿ ಬಂದ ಲಿಥಿಯಂ ಗ್ರೀಸು ಎರಡನ್ನೂ ಒಂದು ಮಟ್ಟಕ್ಕೆ ತಾಳಿತು. ಮೇಸ್ತ್ರಿ ಅದನ್ನು ಅಂಗೈಗೆ ಹಾಕಿಕೊಂಡು, ಬೇರಿಂಗಿನ ದಪ್ಪ ಅಂಚಿನಿಂದ ಒತ್ತಿ ಒತ್ತಿ, ಆಚೆ ಕಡೆ ಗ್ರೀಸು ಇಣುಕುವವರೆಗೆ ತುಂಬಿದರು. ಹೊರಗೆ ಸವರಿದರೆ ರೋಲರಿಗೆ ತಲುಪುವುದಿಲ್ಲ. ಹಳೆಯ ಕಪ್ಪಿಗೆ ಹೊಸ ಕೋನ್ ಹಾಕುವುದನ್ನೂ ಅವರು ಒಪ್ಪಲಿಲ್ಲ. ಎರಡೂ ಒಟ್ಟಿಗೇ ಬದಲಾಗಬೇಕು.

1940ರ ದಶಕದ ಕೊನೆಯಿಂದ ಮಹೀಂದ್ರ ಕಂಪನಿ ಭಾರತದಲ್ಲೇ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಕಾಫಿ ತೋಟಗಳ ದಾರಿಗೆ ಆ ಗಾಡಿ ಒಗ್ಗಿತು, ಅದರ ಜೊತೆಗೇ ಆ ನಟ್ಟು ಮತ್ತು ಆರನೆಯ ಒಂದು ಸುತ್ತು ಬಂದವು.

ಮುಂದೆ ಕಾರುಗಳಲ್ಲಿ ಕಾರ್ಖಾನೆಯಲ್ಲೇ ಹೊಂದಿಸಿ, ಗ್ರೀಸು ತುಂಬಿ, ಮುಚ್ಚಿದ ಬೇರಿಂಗು ಬಂತು. ಬಿಚ್ಚುವಂತಿಲ್ಲ. ಸದ್ದು ಬಂದರೆ ಇಡೀ ಹಬ್ಬನ್ನೇ ಬದಲಿಸಬೇಕು. ಪೇಟೆಯ ರಸ್ತೆಯಲ್ಲಿ ಓಡುವವರಿಗೆ ಇದು ನಿಜಕ್ಕೂ ಅನುಕೂಲ. ವರ್ಷಗಟ್ಟಲೆ ಅದರ ನೆನಪೇ ಬರುವುದಿಲ್ಲ. ತಪ್ಪಾಗಿ ಬಿಗಿದು ಬೇರಿಂಗು ಸುಡುವ ಭಯವೂ ಇಲ್ಲ. ಆದರೆ ಇನ್ನೊಂದು ವಿಚಿತ್ರವೂ ಇದೆ. ಅಮೆರಿಕದಲ್ಲಿ ಮುಚ್ಚಿದ ಬೇರಿಂಗು ಇರುವ ಜೀಪ್ ರ‍್ಯಾಂಗ್ಲರ್‌ಗಳನ್ನು ಕಲ್ಲು, ಕೆಸರಿನಲ್ಲಿ ಓಡಿಸುವ ಕೆಲವರು ಹೆಚ್ಚು ಹಣ ಕೊಟ್ಟು ಅದನ್ನು ಕಿತ್ತು, ಎರಡು ಓರೆ ರೋಲರಿನ ಹಳೆಯ ಬಗೆಯ ಹಬ್ಬನ್ನು ಹಾಕಿಸಿಕೊಳ್ಳುತ್ತಾರೆ. ಅವರು ಅದನ್ನು ಕರೆಯುವುದು ಅಪ್‌ಗ್ರೇಡ್ ಎಂದೇ.

ಮೇಲ್ದರ್ಜೆ ಎಂಬ ಪದವನ್ನು ನಾನು ಅಲ್ಲಿಯವರೆಗೆ ಹೊಸದು ಎಂಬ ಅರ್ಥದಲ್ಲೇ ಬಳಸುತ್ತಿದ್ದೆ. ನನ್ನ ಪ್ರಬಂಧದ ಒಂದು ಅಧ್ಯಾಯ ಎತ್ತಿನ ಗಾಡಿಯಿಂದ ಜೀಪಿಗೆ, ಜೀಪಿನಿಂದ ಕಾರಿಗೆ ಎಂದು ಮೆಟ್ಟಿಲಿನಂತೆ ಏರುತ್ತಿತ್ತು. ಕಳಸದಿಂದ ಬಂದ ಮೇಲೆ ಅದನ್ನು ಒಡೆದು ಬರೆಯಬೇಕಾಯಿತು. ಗಾಲಿ ಎಷ್ಟು ನುಣ್ಣಗೆ ತಿರುಗುತ್ತದೆ ಎನ್ನುವುದು ಒಂದು ಇತಿಹಾಸ. ಅದು ಕೆಟ್ಟಾಗ ಯಾರು, ಎಲ್ಲಿ, ಎಷ್ಟು ದುಡ್ಡಿನಲ್ಲಿ ಸರಿಮಾಡಬಲ್ಲರು ಎನ್ನುವುದು ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಪೇಟೆಯಿಂದ ಹಬ್ಬು ಬರುವವರೆಗೆ ಜೀಪು ನಿಂತರೆ ಕಳಸದ ಚಾಲಕರ ಮನೆಗೆ ಅಷ್ಟೂ ದಿನ ಸಂಪಾದನೆ ಇಲ್ಲ.

ಆ ಚಾಲಕರಿಗೆ ದೊಡ್ಡ ಟೈರು, ಹೊರಕ್ಕೆ ಚಾಚಿದ ರಿಮ್ಮು ಹಾಕಿಸುವ ಆಸೆ ಇತ್ತು. ಮೇಸ್ತ್ರಿ ಬೇಡವೆಂದರು. ಟೈರು ಹೊರಕ್ಕೆ ಹೋದಷ್ಟೂ ಸನ್ನೆಕೋಲಿನಂತೆ ಬೇರಿಂಗನ್ನು ಮೀಟುತ್ತದೆ. “ಮೊದಲು ಒಳಗಿನದನ್ನು ನೋಡ್ಕೊಳ್ಳಿ,” ಎಂದರು.

ಮರುದಿನ ಮತ್ತೆ ಅದೇ ದಾರಿ. ಹಳ್ಳಕ್ಕಿಳಿಯುವ ಮೊದಲು ಚಾಲಕರು ಜೀಪು ನಿಲ್ಲಿಸಿ ಎಡಗಾಲಿಯ ಹಬ್ಬಿನ ಮೇಲೆ ಕೈಯಿಟ್ಟರು. ನಟ್ಟು ಹೆಚ್ಚು ಬಿಗಿಯಾಗಿದ್ದರೆ ಕೈ ಇಡಲಾಗದಷ್ಟು ಸುಡುತ್ತದೆ. ನನ್ನನ್ನೂ ಕರೆದರು. ಬೆಚ್ಚಗಿತ್ತು. ಅದು ಇನ್ನಷ್ಟು ಆರಲಿ ಎಂದು ನಾವಿಬ್ಬರೂ ಸ್ವಲ್ಪ ಹೊತ್ತು ದಡದಲ್ಲಿ ಕೂತೆವು, ಆಮೇಲೆ ನೀರಿಗಿಳಿದೆವು.