ನೆಲವೂ ಡೊಂಕಿತ್ತು

ಕೋಡ್ ಬರೆಯೋ ಎಐಗೆ ಪುಟ್ಟ ಲೆಕ್ಕ ಬಿಟ್ಟು ನಿಜವಾದ ಪ್ರಾಜೆಕ್ಟಿನ ಕೆಲಸ ಕೊಟ್ಟಿದ್ದು 2023ರ ಎಸ್‌ಡಬ್ಲ್ಯುಇ-ಬೆಂಚ್. ಪ್ರಿನ್ಸ್‌ಟನ್ ಸಂಶೋಧಕರು ಆಯ್ದದ್ದು 12 ಪೈಥಾನ್ ಪ್ರಾಜೆಕ್ಟುಗಳ 2,294 ಹಳೇ ಇಶ್ಯೂಗಳು. ಫೇಲಾಗ್ತಿದ್ದ ಟೆಸ್ಟ್ ಪಾಸಾಗಬೇಕು, ಪಾಸಾಗ್ತಿದ್ದದ್ದು ಕೆಡಬಾರದು. ಎಲ್ಲರಿಗಿಂತ ಮುಂದಿದ್ದ ಕ್ಲಾಡ್ 2 ಬಗೆಹರಿಸಿದ್ದು ಶೇ. 1.96. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಸದ್ಯ, ಕೆಲಸ ಉಳೀತು!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ಡೊಂಕೇ ಇತ್ತು. 2024ರಲ್ಲಿ ಓಪನ್‌ಎಐ 93 ಡೆವಲಪರ್‌ಗಳನ್ನು ಕೂರಿಸಿ 1,699 ಪ್ರಶ್ನೆ ಓದಿಸಿತು. ಶೇ. 68.3 ತೆಗೆದುಹಾಕಬೇಕಾಯ್ತು. ಕೆಲವು ಟೆಸ್ಟುಗಳು ಇಶ್ಯೂನಲ್ಲಿ ಎಲ್ಲೂ ಹೇಳದ ಎಚ್ಚರಿಕೆ ಸಂದೇಶವನ್ನೇ ಅಕ್ಷರಶಃ ಕೇಳ್ತಿದ್ದವು. ಯಾರಿಗೆ ಗೊತ್ತಿರುತ್ತೆ ಅದು? ಕೊನೆಗೆ 500 ಆರಿಸಿ ‘ವೆರಿಫೈಡ್’ ಅಂದರು. ಹಳೇ ಪತ್ರಿಕೆಯಲ್ಲಿ ಶೇ. 16 ತೆಗೆದಿದ್ದ ಜಿಪಿಟಿ-4ಒ ಇದರಲ್ಲಿ ಶೇ. 33.2 ತೆಗೀತು. ಕಷ್ಟದವೂ ಒಂದಿಷ್ಟು ಉದುರಿದ್ದವು, ಆ ಮಾತು ಬೇರೆ.