ಅರಸೀಕೆರೆಯ ಈಶ್ವರ ದೇವಾಲಯ: ರಚನಾ ತಂತ್ರ

ಹಾಸನ ಜಿಲ್ಲೆಯ ಅರಸೀಕೆರೆ ಪಟ್ಟಣದಲ್ಲಿರುವ ಹೊಯ್ಸಳರ ಕಾಲದ ಶಿವಾಲಯ. ಚಂದ್ರಮೌಳೇಶ್ವರ ಎಂಬ ಹೆಸರೂ ಇದಕ್ಕುಂಟು. ಎರಡನೆಯ ವೀರಬಲ್ಲಾಳನ ಆಳ್ವಿಕೆ ಮುಗಿಯುತ್ತಿದ್ದ 1220ರ ಸುಮಾರಿಗೆ ಕಟ್ಟಿದ್ದು. ಪೂರ್ವಾಭಿಮುಖವಾದ ಏಕಕೂಟ, ಅಂದರೆ ಒಂದೇ ಗರ್ಭಗೃಹದ ಗುಡಿ: ಗರ್ಭಗೃಹ, ಅದಕ್ಕೆ ತಾಗಿದ ಸುಕನಾಸಿ ಎಂಬ ಅಂಕಣ, ನವರಂಗವೆಂಬ ಮುಚ್ಚಿದ ಮಂಟಪ, ಅದರ ಮುಂದೆ ತೆರೆದ ಮುಖಮಂಟಪ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಗರ್ಭಗೃಹಕ್ಕೆ ನಕ್ಷತ್ರದ ತಳವಿನ್ಯಾಸ ಕೊಡುವುದು ಹೊಯ್ಸಳ ಶಿಲ್ಪಿಗಳಿಗೆ ರೂಢಿಯೇ ಆಗಿತ್ತು. ಮಂಟಪ ಮಾತ್ರ ಸಾಮಾನ್ಯವಾಗಿ ಚೌಕ, ಇಲ್ಲವೇ ಬದಿಗಳನ್ನು ಹಂತಹಂತವಾಗಿ ಹೊರಚಾಚಿದ ಚೌಕ. ಅರಸೀಕೆರೆಯಲ್ಲಿ ಮುಖಮಂಟಪವೇ 16 ಕೋನಗಳ ನಕ್ಷತ್ರ. ಹೊಯ್ಸಳ ವಾಸ್ತುವಿನಲ್ಲಿ ಇದು ತೀರಾ ಅಪರೂಪ. ಕಟ್ಟಡದ ನಿಜವಾದ ಸಾಹಸ ಇರುವುದೂ ಇಲ್ಲೇ.

ಆಕೃತಿ ಎಳೆಯುವುದು ಕಷ್ಟವಲ್ಲ. ಒಂದೇ ಕೇಂದ್ರದ ಸುತ್ತ ಒಂದು ಚೌಕವನ್ನು 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕಗಳನ್ನು ಎಳೆದರೆ ಹೊರಗೆ 16 ಮೂಲೆಗಳು ಮೂಡುತ್ತವೆ. ಗೂಟ, ಹಗ್ಗ ಇದ್ದರೆ ಸಾಕು. ಕಷ್ಟ ಶುರುವಾಗುವುದು ಚಾವಣಿ ಏರಿಸುವಾಗ. ಚೌಕ ಮಂಟಪದಲ್ಲಿ ನಾಲ್ಕು ಕಂಬಗಳ ನಡುವೆ ಒಂದು ಅಂಕಣ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ: ಲೆಕ್ಕ ನೇರ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗನ್ನು ತಾಳುವುದಿಲ್ಲ. ಉದ್ದದ ತೊಲೆ ತನ್ನ ಭಾರಕ್ಕೇ ಕೆಳಮೈಯಲ್ಲಿ ಬಿರುಕು ಬಿಡುತ್ತದೆ. ಹಾಗಾಗಿಯೇ ಹೊಯ್ಸಳ ನವರಂಗಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಲ್ಲುತ್ತವೆ. ನಕ್ಷತ್ರದ ಮಂಟಪಕ್ಕೆ ಈ ಚೌಕಗಳ ಲೆಕ್ಕ ಒಗ್ಗುವುದಿಲ್ಲ.

ಇಲ್ಲಿನ ಶಿಲ್ಪಿ ಕಂಬಗಳನ್ನು ವರ್ತುಲವಾಗಿ ನಿಲ್ಲಿಸಿ, ಅವುಗಳ ಮೇಲೆ ಗುಮ್ಮಟದಂಥ ಚಾವಣಿ ಎಬ್ಬಿಸಿದ್ದಾನೆ. ಇದು ಕಮಾನಿನ ತತ್ತ್ವದ ಗುಮ್ಮಟವಲ್ಲ. ಕಲ್ಲಿನ ಪ್ರತಿ ಬಳೆಯೂ ಕೆಳಗಿನ ಬಳೆಗಿಂತ ತುಸು ಒಳಕ್ಕೆ ಚಾಚಿಕೊಂಡಿರುತ್ತದೆ. ಚಾಚಿದ ತುದಿ ಕೆಳಕ್ಕೆ ಮಗುಚದಂತೆ ಹಿಂಬದಿಯನ್ನು ಮೇಲಿನ ಕಲ್ಲುಗಳ ಭಾರ ಅದುಮಿ ಹಿಡಿಯುತ್ತದೆ. ಬಳೆ ಪೂರ್ತಿಯಾದ ಮೇಲೆ ಇನ್ನೊಂದು ಬಲ ಸೇರುತ್ತದೆ. ಒಳಕ್ಕೆ ವಾಲಲು ಹೊರಟ ಕಲ್ಲನ್ನು ಅಕ್ಕಪಕ್ಕದ ಕಲ್ಲುಗಳು ಒತ್ತಿ ತಡೆಯುತ್ತವೆ, ಅಂದರೆ ಬಾಗು ಒತ್ತಡವಾಗಿ ಮಾರ್ಪಡುತ್ತದೆ. ಕಲ್ಲಿಗೆ ಒಗ್ಗುವ ಬಲ ಅದೇ. ನವರಂಗಗಳ ನಡುಚಾವಣಿಯಾದ ಭುವನೇಶ್ವರಿಯಲ್ಲಿ ಸಣ್ಣ ಅಳತೆಯಲ್ಲಿ ಕಾಣುವ ಈ ಉಪಾಯ ಇಲ್ಲಿ ದೊಡ್ಡ ಅಳತೆಗೆ ಬೆಳೆದಿದೆ.

ಸಾಮಗ್ರಿ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆದ್ದರಿಂದ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆಯಲು ಸಾಧ್ಯವಾಯಿತು. ಹತ್ತಿರ ನಿಂತು ನೋಡಿದರೆ ಕಂಬದ ಮೈಯಲ್ಲಿ ತೆಳುವಾದ ಏಣುಗಳು ಒಂದರ ಕೆಳಗೊಂದು ಸುತ್ತುವರಿದಿರುವುದು, ಗಂಟೆಯಾಕಾರದ ಭಾಗ ಹೊಳಪಾಗಿರುವುದು ಕಾಣುತ್ತದೆ. ಕಂಬಕ್ಕೂ ತೊಲೆಗೂ ನಡುವಿನ ಬೋದಿಗೆ ಅಲಂಕಾರಕ್ಕಷ್ಟೇ ಅಲ್ಲ. ಚಾಚಿದ ಅದರ ತೋಳುಗಳು ತೊಲೆಯ ನಡುವಿನ ಅಂತರವನ್ನು ತಗ್ಗಿಸುತ್ತವೆ. ಕಲ್ಲುಗಳು ನಿಂತಿರುವುದು ಗಾರೆಯ ಬಲದಿಂದಲ್ಲ, ಅಳತೆಗೆ ಕೆತ್ತಿದ ಸಂದುಗಳಿಂದ ಮತ್ತು ಸ್ವಂತ ಭಾರದಿಂದ.

ಬೇಲೂರಿನ ಚೆನ್ನಕೇಶವ (1117) ಮತ್ತು ಹಳೇಬೀಡಿನ ಹೊಯ್ಸಳೇಶ್ವರ (1121ರಲ್ಲಿ ಆರಂಭ) ಇದಕ್ಕಿಂತ ಬಹಳ ದೊಡ್ಡವು. ಶಿಖರ ಮಾತ್ರ ಎರಡಕ್ಕೂ ಇಂದು ಇಲ್ಲ. ಬೇಲೂರಿನದು ಇಟ್ಟಿಗೆ, ಗಾರೆ, ಮರದ ಗೋಪುರವಾಗಿತ್ತು. ಅದು ಶಿಥಿಲವಾದ್ದರಿಂದ, ಗರ್ಭಗುಡಿಯನ್ನು ಉಳಿಸಿಕೊಳ್ಳಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಇಳಿಸಬೇಕಾಯಿತು. ಅರಸೀಕೆರೆಯ ಕಲ್ಲಿನ ಶಿಖರ ನಕ್ಷತ್ರದ ಗೋಡೆಯ ಮೂಲೆಗಳನ್ನೇ ಮೇಲಕ್ಕೆ ಮುಂದುವರಿಸುತ್ತ ಉಳಿದಿದೆ.

2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು, ಅರಸೀಕೆರೆ ಅದರಲ್ಲಿಲ್ಲ. ಶಿಲ್ಪದ ಸಮೃದ್ಧಿಯಲ್ಲಿ ಈ ಗುಡಿ ಅವಕ್ಕೆ ಸಾಟಿಯಲ್ಲ, ನಿಜ. ಕಟ್ಟಡದ ಕಲ್ಪನೆಯಲ್ಲಿ ಇದು ಯಾವುದಕ್ಕೂ ಕಡಿಮೆಯಲ್ಲ. ಬೇಲೂರಿನ ತೆರೆದ ನವರಂಗಕ್ಕೆ ಆಮೇಲೆ ಜಾಲಂಧ್ರಗಳನ್ನು, ಅಂದರೆ ತೂತು ಕೊರೆದ ಕಲ್ಲಿನ ತೆರೆಗಳನ್ನು, ಜೋಡಿಸಿದ್ದರಿಂದ ಒಳಗೆ ಕತ್ತಲೆ ಕವಿಯಿತು. ಇಲ್ಲಿನ ಮುಖಮಂಟಪ ತೆರೆದೇ ಇರುವುದರಿಂದ ಕಂಬದಿಂದ ಬೋದಿಗೆಗೆ, ಬೋದಿಗೆಯಿಂದ ತೊಲೆಗೆ, ತೊಲೆಯಿಂದ ಮೇಲಿನ ಬಳೆಗಳಿಗೆ ಕಟ್ಟಡ ಏರಿದ ಕ್ರಮವನ್ನು ಹಗಲಿನಲ್ಲಿ ದೀಪವಿಲ್ಲದೆಯೇ ನೋಡಿ ತಿಳಿಯಬಹುದು.